ಗೇಮ್‌ನಲ್ಲಿದ್ದ ಬೀಜಕಣಗಳು ಟಿವಿ ಸರಣಿಯಲ್ಲಿ ಯಾಕೆ ಮಾಯವಾದವು?

2013ರ ‘ದಿ ಲಾಸ್ಟ್ ಆಫ್ ಅಸ್’ ವಿಡಿಯೋ ಗೇಮ್‌ನಲ್ಲಿ ಶಿಲೀಂಧ್ರದ ಸೋಂಕು ಕಡಿತದಿಂದಷ್ಟೇ ಅಲ್ಲ, ಗಾಳಿಯಲ್ಲಿ ತೇಲುವ ಬೀಜಕಣಗಳಿಂದಲೂ ಹರಡುತ್ತದೆ. 2023ರಲ್ಲಿ ಎಚ್‌ಬಿಒ ಇದನ್ನು ಸರಣಿಯಾಗಿಸಿದಾಗ ಬೀಜಕಣಗಳ ಬದಲು ಬಾಯಿಂದ ಚಾಚುವ ಎಳೆಗಳು ಬಂದವು. ಇದು ಮೂಲಕ್ಕೆ ಮಾಡಿದ ದ್ರೋಹ, ವಿಜ್ಞಾನವೂ ತಪ್ಪು ಎಂದು ಕೆಲವು ಅಭಿಮಾನಿಗಳು ಸಿಟ್ಟಾದರು.

ವಿಜ್ಞಾನ ಏನು ಹೇಳುತ್ತದೆ?

ಎರಡಕ್ಕೂ ಆಧಾರವಿದೆ. ಕತೆಗೆ ಪ್ರೇರಣೆಯಾದ ಶಿಲೀಂಧ್ರ ಇರುವೆಗಳಿಗೆ ತಗಲುವುದು ಬೀಜಕಣಗಳಿಂದಲೇ. ಅವುಗಳ ದೇಹದೊಳಗೆ ಹಬ್ಬುವುದು ಎಳೆಗಳಾಗಿ. ಮನುಷ್ಯರನ್ನು ಹೀಗೆ ಕುಣಿಸುವ ಶಿಲೀಂಧ್ರ ಮಾತ್ರ ಎರಡರಲ್ಲೂ ಕಲ್ಪನೆಯೇ.

ಹಾಗಾದರೆ ಬದಲಿಸಿದ್ದೇಕೆ?

ಮುಖ್ಯ ಕಾರಣ ಮಾಸ್ಕ್. ಗೇಮ್‌ನಲ್ಲಿ ಪಾತ್ರ ಮಾಸ್ಕ್ ಹಾಕಿಕೊಂಡರೆ ಆಟಗಾರರಿಗೆ ಅದು ಅಪಾಯದ ಸೂಚನೆ. ಟಿವಿಯಲ್ಲಿ ನಟರ ಮುಖವೇ ಬಂಡವಾಳ, ಅದನ್ನು ಮುಚ್ಚಿದರೆ ದೃಶ್ಯವೇ ಸಪ್ಪೆ. ಜೊತೆಗೆ, ಗಾಳಿಯಲ್ಲಿ ಹರಡುವ ಸೋಂಕು ಒಂದೇ ಕೋಣೆಯಲ್ಲಿ ಹೇಗೆ ನಿಲ್ಲುತ್ತದೆ ಎಂದು ಕೋವಿಡ್ ಕಂಡ ಪ್ರೇಕ್ಷಕರು ಕೇಳದೆ ಬಿಡುತ್ತಾರೆಯೇ?

ಮೂರನೇ ಕಂತಿನ ಬದಲಾವಣೆ ಇನ್ನೂ ದೊಡ್ಡದು. ಗೇಮ್‌ನಲ್ಲಿ ನಾವು ಹೋಗುವಷ್ಟರಲ್ಲಿ ಫ್ರಾಂಕ್ ಸತ್ತಿರುತ್ತಾನೆ. ಉಳಿದಿರುವುದು ಬಿಲ್‌ಗೆ ಬರೆದ ಕಹಿ ಪತ್ರ. ಸರಣಿಯಲ್ಲಿ ಇಬ್ಬರೂ ವರ್ಷಗಟ್ಟಲೆ ಪ್ರೀತಿಯಿಂದ ಬಾಳುತ್ತಾರೆ. ಆಟಗಾರರು ತಾವು ಆಡಿಸುವ ಪಾತ್ರದ ಬೆನ್ನಿಗೇ ಇರಬೇಕು, ಕ್ಯಾಮೆರಾಗೆ ಆ ಕಟ್ಟು ಇಲ್ಲ.

ದ್ರೋಹವೇ?

ಗೇಮ್‌ನ ಕತೆ ಬರೆದ ನೀಲ್ ಡ್ರಕ್‌ಮನ್ ಅವರೇ ಕ್ರೇಗ್ ಮೇಜಿನ್ ಜೊತೆ ಸರಣಿಯನ್ನೂ ರೂಪಿಸಿದವರು. 2025ರ ಎರಡನೇ ಸೀಸನ್‌ನಲ್ಲಿ ಬೀಜಕಣಗಳು ಮರಳಿ ಬಂದವು! ಹಾಗಾಗಿ ಕೇಳಬೇಕಾದದ್ದು ‘ಗೇಮ್‌ನಲ್ಲಿದ್ದದ್ದು ಇಲ್ಲಿದೆಯೇ?’ ಎಂದಲ್ಲ, ‘ಅಲ್ಲಿ ಅದು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಯಾವುದು ಮಾಡುತ್ತಿದೆ?’ ಎಂದು.