ನಡುಪ್ರಾಯದಲ್ಲಿ ದವಾಖಾನೆಯ ಕಾಯಕ: ಯಾವ ಪದವಿ?

ಕಳೆದ ಅಮಾವಾಸ್ಯೆಯಂದು ಶ್ರೀಮಠದಲ್ಲಿ ಆರೋಗ್ಯ ತಪಾಸಣೆ ಮುಗಿದು ನಾವು ಔಷಧಿಯ ಪೆಟ್ಟಿಗೆಯನ್ನು ಮುಚ್ಚುತ್ತಿದ್ದಾಗ ರಾಮದುರ್ಗ ತಾಲೂಕಿನ ನೇಕಾರ ಮನೆತನದ ತಾಯಿಯೊಬ್ಬರು ಎದುರಿಗೆ ಬಂದು ಕುಳಿತರು. ರೋಗವೇನೂ ಇರಲಿಲ್ಲ. ವಯಸ್ಸು 31, ಓದು ಬಿ.ಎ. ಲಕವಾ ಹೊಡೆದ ಅತ್ತೆಯವರನ್ನು ನಾಲ್ಕು ವರ್ಷ ಹಾಸಿಗೆಯಲ್ಲಿಯೇ ಜೋಪಾನ ಮಾಡಿದ್ದರು. ಆ ಹಿರಿಯರು ಲಿಂಗೈಕ್ಯರಾಗುವವರೆಗೂ ಬೆನ್ನಿನ ಮೇಲೆ ಒಂದು ಹುಣ್ಣೂ ಆಗಿರಲಿಲ್ಲ. “ಸಾಹೇಬ್ರ, ಇನ್ನೊಂದು ಯಾವ ಡಿಗ್ರಿ ಮಾಡಿದ್ರ ನಾನು ದವಾಖಾನಿ ಕೆಲಸಕ್ಕ ಸೇರಬಹುದ್ರಿ?” ಎಂಬುದು ಅವರ ಪ್ರಶ್ನೆ.

ಇದೇ ಪ್ರಶ್ನೆಯನ್ನು ಬೈಲಹೊಂಗಲದ ಹತ್ತಿ ಅಂಗಡಿಯ ಗುಮಾಸ್ತರೊಬ್ಬರೂ ಸವದತ್ತಿಯ ಅತಿಥಿ ಶಿಕ್ಷಕರೊಬ್ಬರೂ ನಮ್ಮಲ್ಲಿ ಕೇಳಿದ್ದಾರೆ. ಕಾಯಕವನ್ನು ಬದಲಿಸುವುದು ಶರಣರಿಗೆ ಹೊಸದಲ್ಲ. ಮೋಳಿಗೆಯ ಮಾರಯ್ಯನವರು ಅರಸೊತ್ತಿಗೆಯನ್ನು ತೊರೆದು ಕಟ್ಟಿಗೆಯ ಹೊರೆ ಹೊತ್ತರೆಂದು ಐತಿಹ್ಯವಿದೆ. ವೈದ್ಯ ಸಂಗಣ್ಣನವರಂತೂ ಚಿಕಿತ್ಸೆಯನ್ನೇ ಕಾಯಕವಾಗಿಸಿಕೊಂಡವರು. ಆದರೆ ಇಂದು ಮನಸ್ಸೊಂದೇ ಸಾಲದು, ಕಾನೂನಿನ ಬಾಗಿಲನ್ನೂ ದಾಟಬೇಕು. ಆ ಬಾಗಿಲು ಎಲ್ಲಿದೆಯೆಂಬುದನ್ನು ಅರಿಯದೆ ಹಣವನ್ನೂ ವರ್ಷಗಳನ್ನೂ ಕಳೆದುಕೊಂಡವರನ್ನು ನಾವು ಕಂಡಿದ್ದೇವೆ.

ಅಮೆರಿಕದಲ್ಲಿ ಬಂಧುಗಳಿರುವ ಭಕ್ತರು ಒಂದು ಮಾತನ್ನು ಹೇಳುವುದುಂಟು: ಅಲ್ಲಿ ಮೊದಲು ನಾಲ್ಕು ವರ್ಷದ ಯಾವುದಾದರೊಂದು ಪದವಿ, ಅನಂತರ ವೈದ್ಯಕೀಯ. ಅದು ನಿಜ. ನಮ್ಮ ದೇಶದ ಪದ್ಧತಿ ಹಾಗಿಲ್ಲ. ಇಲ್ಲಿ ಬಾಗಿಲಿರುವುದು ಪದವಿಯಲ್ಲಲ್ಲ, ಪಿ.ಯು.ಸಿ.ಯಲ್ಲಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿ ನೀಟ್ ಪರೀಕ್ಷೆಯಲ್ಲಿ ಅರ್ಹರಾದವರಿಗೆ ಮಾತ್ರ ಎಂ.ಬಿ.ಬಿ.ಎಸ್. ಹಾಗೂ ನಮ್ಮ ಬಿ.ಎ.ಎಂ.ಎಸ್. ಪ್ರವೇಶ. ಬಿ.ಎಸ್ಸಿ. ಆದವರೂ ಮೊದಲನೆಯ ವರ್ಷದಿಂದಲೇ ಆರಂಭಿಸಬೇಕು. ಒಂದು ವರ್ಷದ ವಿನಾಯಿತಿಯೂ ಇಲ್ಲ. ಆದ್ದರಿಂದ ಮುಂದೊಂದು ದಿನ ವೈದ್ಯನಾಗಲು ಅನುಕೂಲವಾದೀತೆಂಬ ಎಣಿಕೆಯಿಂದ ಮೂರು ವರ್ಷದ ಪದವಿಗೆ ಸೇರುವುದು ವ್ಯರ್ಥ.

2022ರಲ್ಲಿ ನೀಟ್ ಪರೀಕ್ಷೆಗೆ ಇದ್ದ ಗರಿಷ್ಠ ವಯೋಮಿತಿಯನ್ನು ತೆಗೆದುಹಾಕಲಾಯಿತು. 2023ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು, ಪಿ.ಯು.ಸಿ. ಮುಗಿದ ಮೇಲೆ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಮಾನ್ಯ ಮಂಡಳಿಯಿಂದ ಪಾಸಾದವರಿಗೂ ಅವಕಾಶವಿತ್ತಿತು. ಗಣಿತ ಓದಿ ಇಂಜಿನಿಯರ್ ಆದವರಿಗೆ ಇದು ಉಪಯುಕ್ತ. ಆದರೂ ಪರೀಕ್ಷೆಯ ಸಿದ್ಧತೆ, ಬಳಿಕ ಐದೂವರೆ ವರ್ಷದ ವ್ಯಾಸಂಗ, ಎಲ್ಲವನ್ನೂ ಕೂಡಿ ನೋಡಬೇಕು. ಮನೆಯಲ್ಲಿ ದುಡಿಯುವವರು ತಾವೊಬ್ಬರೇ ಆಗಿದ್ದರೆ ಈ ದಾರಿಯನ್ನು ನಾವು ಹೇಳುವುದಿಲ್ಲ.

ಹಾಗಾದರೆ ವೈದ್ಯನೊಬ್ಬನೇ ಚಿಕಿತ್ಸೆಯೆ? ಚರಕಾಚಾರ್ಯರು ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದ್ದಾರೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಶುಶ್ರೂಷೆಯ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಪ್ರೀತಿ, ಶುಚಿತ್ವ ಎಂಬ ನಾಲ್ಕು ಗುಣಗಳಿರಬೇಕೆನ್ನುತ್ತಾರೆ. ಬೆನ್ನಿಗೆ ಹುಣ್ಣಾಗದಂತೆ ಅತ್ತೆಯನ್ನು ನೋಡಿಕೊಂಡ ಆ ತಾಯಿಯಲ್ಲಿ ಇವುಗಳಲ್ಲಿ ಮೂರು ಆಗಲೇ ಇದ್ದವು. ಕಲಿಯಬೇಕಾದುದು ಒಂದೇ.

ಅವರಿಗೆ ನಾವು ಹೇಳಿದ ಉತ್ತರ ಇಷ್ಟು. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಪದವಿ; ಅದಕ್ಕೂ ವಿಜ್ಞಾನದ ಪಿ.ಯು.ಸಿ. ಬೇಕು. ಮೂರು ವರ್ಷದ ಜಿ.ಎನ್.ಎಂ.ಗೆ ಮಾತ್ರ ಕಲಾ ವಿಭಾಗದವರೂ ಅರ್ಹರು. ಇಂಗ್ಲಿಷ್ ವಿಷಯದೊಂದಿಗೆ ಶೇ. 40 ಅಂಕಗಳಿರಬೇಕು. ಜಿ.ಎನ್.ಎಂ. ಮುಗಿಸಿ ನೋಂದಣಿಯಾದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿದರೆ ಪದವೀಧರರೇ ಆಗುತ್ತಾರೆ. ಆದರೆ ಜಿ.ಎನ್.ಎಂ. ಪ್ರವೇಶಕ್ಕೆ ಗರಿಷ್ಠ ವಯಸ್ಸು 35. “ಮಕ್ಕಳು ದೊಡ್ಡವರಾದ ಮೇಲೆ ನೋಡೋಣ” ಎನ್ನುವವರಿಗೆ ಆ ಬಾಗಿಲು ಮುಚ್ಚಿರುತ್ತದೆ. ರಾತ್ರಿ ಪಾಳಿಯ ವಿಷಯವನ್ನೂ ನಾವು ಮರೆಮಾಡಲಿಲ್ಲ. ಮನೆಯವರು ಒಪ್ಪಿ ಅಡುಗೆಗೆ ಕೈಹಚ್ಚದಿದ್ದರೆ ಮೂರು ವರ್ಷ ನಿಭಾಯಿಸುವುದು ಕಷ್ಟ.

ಔಷಧಿ ಅಂಗಡಿಯ ಕಡೆಗೆ ಮನಸ್ಸಿದ್ದವರಿಗೆ ಎರಡು ವರ್ಷದ ಡಿ.ಫಾರ್ಮ್ ಇದೆ, ವಿಜ್ಞಾನ ಓದಿರಬೇಕು, ಆದರೆ ಜೀವಶಾಸ್ತ್ರದ ಬದಲು ಗಣಿತವಿದ್ದರೂ ನಡೆಯುತ್ತದೆ. ಯಾವ ಪದವಿಯಾದರೂ ಇದ್ದವರು ಎಂ.ಎಸ್.ಡಬ್ಲ್ಯೂ. ಓದಿ ಆಸ್ಪತ್ರೆಗಳಲ್ಲಿ ಸಮಾಜಕಾರ್ಯಕರ್ತರಾಗಬಹುದು. ಕ್ಷಯರೋಗಿಯು ಔಷಧಿಯನ್ನು ನಡುವೆ ಬಿಡದಂತೆ ಮನೆಯವರನ್ನು ಕೂಡಿಸಿ ತಿಳಿಹೇಳುವುದು ಸಣ್ಣ ಕೆಲಸವೆಂದು ಯಾರೂ ಬಗೆಯಬಾರದು. ಸವದತ್ತಿಯ ಶಿಕ್ಷಕರಿಗೆ ನಾವು ಸೂಚಿಸಿದ್ದು ಇದನ್ನೇ.

ಇಲ್ಲಿ ನಮ್ಮದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ದೂರಶಿಕ್ಷಣದಲ್ಲಿ ಮನಶ್ಶಾಸ್ತ್ರ ಅಥವಾ ಆಹಾರ ವಿಜ್ಞಾನ ಓದಿರೆಂದು ಕೆಲವರಿಗೆ ನಾವೇ ಹೇಳಿದ್ದೆವು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2025ರ ಜುಲೈ–ಆಗಸ್ಟ್ ಅವಧಿಯಿಂದ ಇಂಥ ಆರೋಗ್ಯ ಸಂಬಂಧಿ ವಿಷಯಗಳಿಗೆ ದೂರಶಿಕ್ಷಣ ಹಾಗೂ ಆನ್‌ಲೈನ್ ಪ್ರವೇಶವನ್ನು ನಿಲ್ಲಿಸಿದೆ. ಹಳೆಯ ಸಲಹೆಯನ್ನು ನಂಬಿ ಇನ್ನು ಯಾರೂ ಶುಲ್ಕ ಕಟ್ಟಬಾರದು.

ಇದಕ್ಕಿಂತ ನೋವಿನ ಸಂಗತಿ ಇನ್ನೊಂದು. ಕೆಲವು ವರ್ಷಗಳ ಹಿಂದೆ ಕಿತ್ತೂರು ಕಡೆಯ ಯುವಕನೊಬ್ಬ ಚೌಕಟ್ಟು ಹಾಕಿಸಿದ ಪ್ರಮಾಣಪತ್ರವನ್ನು ಹಿಡಿದು ನಮ್ಮಲ್ಲಿಗೆ ಬಂದಿದ್ದ. ಆರು ತಿಂಗಳ ಕೋರ್ಸು. ಹೆಸರಿನ ಹಿಂದೆ ‘ಡಾ.’ ಎಂದು ಬರೆದುಕೊಳ್ಳಬಹುದೆಂದು ಸಂಸ್ಥೆಯವರು ನಂಬಿಸಿದ್ದರು. ತಂದೆ ಎರಡು ಎಕರೆ ಹೊಲವನ್ನು ಒತ್ತೆಯಿಟ್ಟಿದ್ದರು. ಆ ಕಾಗದಕ್ಕೆ ಯಾವ ಪರಿಷತ್ತಿನ ನೋಂದಣಿಯೂ ಇರಲಿಲ್ಲ. ಅದನ್ನು ನೆಚ್ಚಿ ಸೂಜಿ ಹಿಡಿದರೆ ರೋಗಿಯ ಜೀವಕ್ಕೂ ಕುತ್ತು, ತನಗೂ ಸೆರೆಮನೆ. ಅದನ್ನು ಅವನಿಗೆ ಹೇಳುವಾಗ ನಮ್ಮ ಬಾಯಿ ಒಣಗಿತ್ತು. ಅವನು ಮರುಮಾತಾಡದೆ ಚೌಕಟ್ಟನ್ನು ಚೀಲದಲ್ಲಿಟ್ಟುಕೊಂಡು ಹೊರಟುಹೋದ.

ಆದುದರಿಂದ ಸೇರುವ ಮುನ್ನ ಒಂದು ಪ್ರಶ್ನೆಯನ್ನು ಕೇಳಿರಿ: ಇಲ್ಲಿ ಓದಿ ಮುಗಿಸಿದವರಿಗೆ ಯಾವ ಪರಿಷತ್ತು ನೋಂದಣಿ ಕೊಡುತ್ತದೆ? ನರ್ಸಿಂಗ್‌ಗೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್, ಔಷಧಶಾಸ್ತ್ರಕ್ಕೆ ರಾಜ್ಯ ಫಾರ್ಮಸಿ ಕೌನ್ಸಿಲ್. ಸಂಸ್ಥೆಯವರ ಮಾತನ್ನಷ್ಟೇ ನಂಬದೆ ಆ ಪರಿಷತ್ತಿನಲ್ಲಿಯೇ ವಿಚಾರಿಸಿರಿ. ಹತ್ತನೆಯ ತರಗತಿ ಮುಗಿಸಿದ ಮಕ್ಕಳಿರುವ ಪಾಲಕರಿಗೂ ಒಂದು ಮಾತು: ಮಗುವಿಗೆ ಆರೋಗ್ಯಸೇವೆಯಲ್ಲಿ ಕಿಂಚಿತ್ ಒಲವಿದ್ದರೂ ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರವನ್ನು ಕೈಬಿಡಿಸಬೇಡಿರಿ.

ರಾಮದುರ್ಗದ ಆ ತಾಯಿಗೆ ಬರುವ ಅಮಾವಾಸ್ಯೆಗೆ ಪಿ.ಯು.ಸಿ. ಅಂಕಪಟ್ಟಿಯನ್ನೂ ಜನ್ಮದಿನಾಂಕದ ದಾಖಲೆಯನ್ನೂ ತರಲು ತಿಳಿಸಿದ್ದೇವೆ. ಸಾಧ್ಯವಾದರೆ ಯಜಮಾನರನ್ನೂ ಕರೆತರಬೇಕೆಂದು ಹೇಳಿದ್ದೇವೆ. ಇಂಥದೇ ಪ್ರಶ್ನೆಯುಳ್ಳ ಭಕ್ತರು ಅದೇ ದಿನ ಪ್ರಸಾದದ ನಂತರ ಬಂದು ಕಾಣಬಹುದು.