ಅಲೆಗೆ ಎಟುಕದ ಎತ್ತರ

ಅಮೆರಿಕದ ಮಿಸ್ಸಿಸ್ಸಿಪ್ಪಿ ರಾಜ್ಯದ ಕರಾವಳಿ. ಕೊಲ್ಲಿಯ ಪಶ್ಚಿಮ ದಂಡೆಯಿಂದ ಎದುರಿನ ಊರಿಗೆ ಸುಮಾರು ಮೂರು ಕಿಲೋಮೀಟರ್ ಉದ್ದದ ಹೆದ್ದಾರಿ ಸೇತುವೆ. ವಾಹನಗಳಿಗೆ ನಾಲ್ಕು ಪಥ. ಕಾಂಕ್ರೀಟ್ ಗೋಡೆಯ ಈಚೆ ನಡೆಯುವವರಿಗೆ, ಸೈಕಲ್ಲಿನವರಿಗೆ ಬೇರೆಯದೇ ದಾರಿ.

ಹತ್ತುವ ಮೊದಲು ದಂಡೆಗಿಳಿದು ಸೇತುವೆಯ ಅಡಿಯನ್ನು ನೋಡಿದೆ. ಸಾಲು ಗರ್ಡರುಗಳು, ಅವುಗಳ ನಡುವೆ ಉದ್ದಕ್ಕೂ ಖಾಲಿ ಜಾಗ. ಇಲ್ಲಿದ್ದ 1953ರ ಸೇತುವೆಗೆ ಮುಳುವಾದದ್ದು ಇಂಥದೇ ಜಾಗ. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಸಮುದ್ರವನ್ನು 25 ಅಡಿಗೂ ಮೇಲಕ್ಕೆ ಉಕ್ಕಿಸಿತು. ಹಳೆಯ ಸೇತುವೆ ನೀರಿಗೆ ತೀರ ಹತ್ತಿರವಿತ್ತು. ನೀರು ಏರಿದಂತೆ ಗರ್ಡರುಗಳ ನಡುವೆ ಗಾಳಿ ಸಿಕ್ಕಿಕೊಂಡಿತು. ಕವುಚಿದ ಪಾತ್ರೆಯನ್ನು ನೀರಿಗೆ ಅದುಮಿದರೆ ಕೈಯನ್ನೇ ಮೇಲಕ್ಕೆ ತಳ್ಳುತ್ತದಲ್ಲ, ಹಾಗೆ ರಸ್ತೆಯ ಭಾರ ಹಗುರವಾಯಿತು. ಅಲೆಗಳು ಕೆಳಗಿನಿಂದ ಬಡಿದು ಉಳಿದ ಕೆಲಸ ಮುಗಿಸಿದವು. ಆಗಿನ ಚಿತ್ರಗಳಲ್ಲಿ ಕಂಬಗಳ ಸಾಲು ನಿಂತೇ ಇದೆ. ರಸ್ತೆ ಮಾತ್ರ ತುಂಡುತುಂಡಾಗಿ ನೀರಿನಲ್ಲಿದೆ.

ಕಂಬದ ತಲೆಯ ಮೇಲೆ ಗರ್ಡರಿನ ಪಕ್ಕ ಕಾಂಕ್ರೀಟ್ ದಿಮ್ಮಿಗಳು ಕಂಡವು. ಗರ್ಡರು ಪಕ್ಕಕ್ಕೆ ಜಾರದಂತೆ ಇಟ್ಟ ತಡೆಗಳಿರಬೇಕು. ದೂರದಿಂದ ನೋಡಿದ್ದು, ಖಚಿತವಾಗಿ ಹೇಳಲಾರೆ.

ಈಗ ಏರು ದಾರಿ. ಮೋಟಾರಿನ ಸದ್ದು ಗೋಡೆಯಾಚೆ ಬಿಡದೆ ಕೇಳುತ್ತದೆ. ನಡುಭಾಗದ ಕೆಳಗೆ 85 ಅಡಿ ತೆರವು. ಹಿಂದೆ ದೋಣಿ ಬಂದರೆ ಸೇತುವೆಯ ತುಂಡೊಂದನ್ನು ಮೇಲೆತ್ತಿ, ವಾಹನಗಳನ್ನು ನಿಲ್ಲಿಸಬೇಕಿತ್ತು. ಆ ಕಾಯುವಿಕೆಯೂ ಹೋಯಿತು.

ಮೇಲಿನಿಂದ ಪಕ್ಕದ ರೈಲು ಸೇತುವೆ ಪೂರ್ತಿ ಕಾಣುತ್ತದೆ, ಇಂದಿಗೂ ತಗ್ಗಿನಲ್ಲೇ. ಚಂಡಮಾರುತದ ನಂತರ ಅದರ ಮೇಲೆ ಕೆಲವೇ ತಿಂಗಳಲ್ಲಿ ರೈಲು ಓಡಿತು. ಹೆದ್ದಾರಿ ಸೇತುವೆಯ ಎರಡು ಪಥ ತೆರೆದದ್ದು 2007ರ ಮೇ ತಿಂಗಳಲ್ಲಿ, ನಾಲ್ಕೂ ತೆರೆದದ್ದು 2008ರ ಆರಂಭದಲ್ಲಿ. ಅಲ್ಲಿಯವರೆಗೆ ಎದುರಿಗೇ ಕಾಣುವ ಊರಿಗೆ ಒಳನಾಡಿನ ಹೆದ್ದಾರಿ ಹಿಡಿದು ಸುತ್ತಿ ಹೋಗಬೇಕಿತ್ತು. ಅಂಗಡಿ ಅತ್ತ, ಕೆಲಸ ಇತ್ತ ಇದ್ದವರಿಗೆ ಅದು ದೊಡ್ಡ ಕಷ್ಟವೇ. ಆದರೂ ಹಳೆಯ ಎತ್ತರಕ್ಕೇ ಬೇಗ ಕಟ್ಟಿ ಮುಗಿಸದೆ ಕಾದದ್ದು ಸರಿ ಎಂದೇ ನನ್ನ ಅಭಿಪ್ರಾಯ. 2008ರಲ್ಲಿ ಅಲ್ಲಿನ ಕರಾವಳಿ ಸೇತುವೆಗಳಿಗೆ ಬಂದ ಮಾರ್ಗಸೂಚಿಯೂ ಎತ್ತರಕ್ಕೇ ಒತ್ತು ಕೊಡುತ್ತದೆ: ನೂರು ವರ್ಷಕ್ಕೊಮ್ಮೆ ಬರಬಹುದಾದ ಬಿರುಗಾಳಿಯ ಅಲೆಯ ತುದಿಗಿಂತ ಸೇತುವೆಯ ಅಡಿಭಾಗ ಕನಿಷ್ಠ ಒಂದು ಅಡಿ ಮೇಲಿರಲಿ.

ಇಳಿಜಾರು ಮುಗಿದಲ್ಲಿ ಎದುರಿನ ಊರು. ಕಡಲ ಬದಿಯ ಹೊಸ ಮನೆಗಳೂ ಕಂಬಗಳ ಮೇಲೆ ನಿಂತಿವೆ. ಕೆಳಗೆ ಕಾರು, ಮೇಲೆ ಸಂಸಾರ. ಹೋಗುವವರು ಬೆಳಗ್ಗೆ ಬೇಗ ಹೊರಡಿ, ನೀರು ಜೊತೆಗಿರಲಿ. ಸೇತುವೆಯ ಮೇಲೆ ನೆರಳಿಲ್ಲ.