ತುಕ್ಕಿಗೂ ಒಂದು ಲೆಕ್ಕವುಂಟು

ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಎತ್ತಿನ ಬಂಡಿ, ಕೂರಿಗೆ, ಕುಂಟೆಗಳ ಪುಟ್ಟ ಮಾದರಿಗಳನ್ನು ಓದುಗರು ನೋಡಿರಬಹುದು. ಅಳತೆ ಸರಿ, ಜೋಡಣೆಯೂ ಸರಿ. ಆದರೂ ಅವು ಆಟಿಕೆಯಂತೆಯೇ ಕಾಣುತ್ತವೆ. ಕಾರಣ ಬಣ್ಣ. ಕಬ್ಬಿಣ ಇರಬೇಕಾದ ಕಡೆಯಲ್ಲೆಲ್ಲ ಸಿಲ್ವರ್ ಪೇಂಟ್ ಬಳಿದಿರುತ್ತಾರೆ. ಹೆಸರಿಗೆ ಸಿಲ್ವರ್, ಅದರಲ್ಲಿರುವುದು ಅಲ್ಯುಮಿನಿಯಂ ಪುಡಿ! ಆಳಂದ, ಅಫಜಲಪುರ, ಜೇವರ್ಗಿಗಳ ಎರೆಭೂಮಿಯಲ್ಲಿ ದುಡಿದ ಯಾವ ಬಂಡಿ ತಾನೇ ಹಾಗೆ ಥಳಥಳಿಸೀತು?

ಕಬ್ಬಿಣ ಎರಡು ಬಗೆಯಲ್ಲಿ ಸವೆಯುತ್ತದೆ. ನೀರು ನಿಂತಲ್ಲಿ ತುಕ್ಕು. ಮಣ್ಣು, ಕಲ್ಲು, ಕೈ ಉಜ್ಜಿದಲ್ಲಿ ಹೊಳಪು. ಬಂಡಿಯ ಹಳಿಯನ್ನೇ ನೋಡಿ. ನೆಲಕ್ಕೆ ತಾಗುವ ಮೈ ಬೆಳ್ಳಗೆ, ಪಕ್ಕದ ಅಂಚು ಕಂದು. ಕುಂಟೆಯ ಕುಡದ ಬಾಯಿ ಮಣ್ಣಿನಲ್ಲಿ ಉಜ್ಜಿ ಉಜ್ಜಿ ಕನ್ನಡಿಯಾಗಿರುತ್ತದೆ. ಹಸಿಮಣ್ಣು ಸಿಕ್ಕಿಕೊಳ್ಳುವ ಸಂದಿಯಲ್ಲಿ ತುಕ್ಕು ಕೂತಿರುತ್ತದೆ. ಮಾದರಿಗೆ ಬಣ್ಣ ಹಚ್ಚುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಉಜ್ಜುವುದು ಯಾವುದು, ನಿಲ್ಲುವುದು ಯಾವುದು?

ಬಣ್ಣ ಬಳಿದ ಕಬ್ಬಿಣದ ಕಥೆ ಬೇರೆ. ಟ್ರ್ಯಾಕ್ಟರ್ ಟ್ರೇಲರಿನ ಅಂಚಿನಲ್ಲಿ ಬಣ್ಣ ಕಿತ್ತರೆ ಗಾಳಿಯ ಆಮ್ಲಜನಕವೂ ತೇವವೂ ಒಳಗಿನ ಲೋಹಕ್ಕೆ ತಾಗುತ್ತವೆ. ಹುಟ್ಟುವ ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಹೀಗಾಗಿ ಅದು ಪಕ್ಕದ ಬಣ್ಣವನ್ನೂ ಎಬ್ಬಿಸಿ ಸಿಪ್ಪೆಯಾಗಿ ಉದುರಿಸುತ್ತದೆ. ಮಳೆನೀರಿನೊಡನೆ ಕಂದು ಗೆರೆ ಕೆಳಕ್ಕಿಳಿಯುತ್ತದೆ, ಎಂದೂ ಮೇಲಕ್ಕಲ್ಲ.

ಇದನ್ನು ಮಾದರಿಯಲ್ಲಿ ತೋರಿಸುವುದು ಕಷ್ಟವೇನಲ್ಲ. 1:20ರ ಅಳತೆಯಲ್ಲಿ 1 ಸೆಂ.ಮೀ. ಸಿಪ್ಪೆ ಅರ್ಧ ಮಿಲಿಮೀಟರ್ ಆಗುತ್ತದೆ. ಕುಂಚಕ್ಕೆ ಅಷ್ಟು ಸಣ್ಣ ಗುರುತು ಸುಲಭವಾಗಿ ಒಗ್ಗದು. ಸ್ಪಂಜಿನ ಚೂರನ್ನು ಕಡುಕಂದು ಬಣ್ಣದಲ್ಲಿ ಅದ್ದಿ, ಕಾಗದದ ಮೇಲೆ ಒತ್ತಿ ಬಹುಪಾಲು ಒರೆಸಿ, ಅಂಚುಗಳಿಗೆ ಮೆಲ್ಲಗೆ ತಾಗಿಸಬೇಕು. ದೊಡ್ಡ ಗುರುತುಗಳ ನಡುವೆ ಮಾತ್ರ ಸೂಜಿಮೊನೆಯಷ್ಟು ಸಿಲ್ವರ್. ಉಜ್ಜಿದ ಹೊಳಪಿಗೆ ಪೆನ್ಸಿಲ್ಲಿನ ಸೀಸದ ಪುಡಿಯನ್ನು ಬೆರಳಿನಿಂದ ತಿಕ್ಕಿದರೆ ಸಾಕು. ಅದು ಸೀಸವಲ್ಲ, ಗ್ರಾಫೈಟ್ ಎಂಬುದನ್ನು ಮಕ್ಕಳಿಗೆ ಹೇಳಲು ಇದೇ ಸಮಯ.

ಎಲ್ಲ ಲೋಹಕ್ಕೂ ಒಂದೇ ಬಣ್ಣ ಸಲ್ಲದು. ವಿಜಯಪುರದ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್. ಅದು ಕಂಚು. ಅದರ ಮಾದರಿಗೆ ಕೆಂಪು ತುಕ್ಕು ಬಳಿದರೆ ರಸಾಯನಶಾಸ್ತ್ರವೇ ತಪ್ಪಿದಂತೆ. ತಾಮ್ರ ಬೆರೆತ ಲೋಹಗಳು ಕಪ್ಪಾಗುತ್ತವೆ, ಹಸಿರಾಗುತ್ತವೆ. ಕೆಂಪಗೆ ತುಕ್ಕು ಹಿಡಿಯುವುದಿಲ್ಲ. ಸತುವಿನ ಲೇಪವಿರುವ ಬಕೆಟ್ಟು ಮೊದಲು ಮಂಕು ಬೂದಿಬಣ್ಣಕ್ಕೆ ತಿರುಗುತ್ತದೆ.

ಮರದ ಮೇಲೆ ಲೋಹದ ಭ್ರಮೆ ಹುಟ್ಟಿಸುವ ವಿದ್ಯೆ ನಮ್ಮ ನಾಡಿಗೆ ಹೊಸದೇನಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ತವರದ ಪುಡಿಯನ್ನು ಅಂಟಿನಲ್ಲಿ ಬೆರೆಸಿ ಗೊಂಬೆಗಳಿಗೆ ಒಡವೆ ತೊಡಿಸುತ್ತಾರೆ. ಅದಕ್ಕೆ ಲಾಜವಾರ ಎಂದು ಹೆಸರು. ಅಲ್ಲಿ ಬೇಕಾದದ್ದು ಹೊಸ ಒಡವೆಯ ಕಾಂತಿ, ಇಲ್ಲಿ ದುಡಿದ ಕಬ್ಬಿಣದ ದಣಿವು.

ಈ ದಣಿವನ್ನು ನೋಡಿ ಕಲಿಯುವ ಅವಕಾಶ ಮಾತ್ರ ಕಡಿಮೆಯಾಗುತ್ತಿದೆ. ಟ್ರ್ಯಾಕ್ಟರ್ ಬಂದ ಮೇಲೆ ಹಿತ್ತಿಲ ಮೂಲೆ ಸೇರಿದ ಕುಡ, ಹಳಿಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ. ದುಡಿಯುವ ಬಂಡಿಯ ಹಳಿ ಹೊಳೆಯುತ್ತದೆ. ನಿಂತ ಬಂಡಿಯ ಹಳಿ ಒಂದೇ ಮಳೆಗಾಲದಲ್ಲಿ ಪೂರ್ತಿ ಕಂದಾಗುತ್ತದೆ. ಇಂದಿನ ಮಗು ತನ್ನ ಕಣ್ಣಿಗೆ ಬಿದ್ದ ಬಂಡಿಯನ್ನು ನೋಡಿಯೇ ಬಣ್ಣ ಹಚ್ಚಿದರೆ ಮೂಡುವುದು ಬಹುಶಃ ಈ ಎರಡನೆಯದು. ಮೊದಲನೆಯದು ಹೇಗಿತ್ತೆಂದು ಬಲ್ಲವರು ಮನೆಯ ಹಿರಿಯರು. ಪೇಂಟಿನ ಡಬ್ಬಿ ತೆರೆಯುವ ಮೊದಲು ಅಜ್ಜನನ್ನು ಒಂದು ಮಾತು ಕೇಳುವುದು ಒಳ್ಳೆಯದು.